ನೀಲಿ ತಂತಿಯ ಎರಡು ತುದಿ

ನನಗೆ ಹೆದರಿಕೊಳ್ಳಲು ಕಾರಣ ಬೇಕಿಲ್ಲ. ಮೊದಲು ಹೆದರಿಕೊಳ್ಳುತ್ತೇನೆ, ಕಾರಣ ಆಮೇಲೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತದೆ. ಮದುವೆಗೆ ಮುಂಚೆ ಒಂದು ದೊಡ್ಡ ಕಚೇರಿಯಲ್ಲಿ ಕಂಪ್ಯೂಟರುಗಳ ನಡುವೆ ತಂತಿ ಎಳೆದು ಜೋಡಿಸುವ ಕೆಲಸದಲ್ಲಿದ್ದೆ. ಅಲ್ಲಿ ಈ ಗುಣವನ್ನು ಮುಂಜಾಗ್ರತೆ ಎಂದು ಕರೆದು ಹೊಗಳುತ್ತಿದ್ದರು. ಮದುವೆಯಾಗಿ ಬಂದದ್ದು ಕೋಳಿಮರಿ ಮಾಡುವ ಮನೆಗೆ. ಇಲ್ಲಿ ಅದನ್ನು ಪುಕ್ಕಲು ಎಂದೇ ಕರೆಯುತ್ತಾರೆ.

ಮನೆಯ ಹಿಂದೆಯೇ ಉದ್ದನೆಯ ಕಟ್ಟಡ. ಒಂದು ಕಡೆಯಿಂದ ಮೊಟ್ಟೆ ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಮರಿ ಹೊರಗೆ ಬರುತ್ತದೆ. ನಡುವೆ ಬೀರುವಿನಂಥ ಯಂತ್ರಗಳ ಸಾಲು. ಮೊದಲಿನವು ಮೊಟ್ಟೆಗೆ ಕಾವು ಕೊಡುತ್ತವೆ. ಚಿಪ್ಪೊಡೆಯುವ ಕಾಲ ಹತ್ತಿರವಾದಾಗ ಮೊಟ್ಟೆಗಳನ್ನು ಕೊನೆಯ ಸಾಲಿನ ಯಂತ್ರಗಳಿಗೆ ಬದಲಾಯಿಸುತ್ತೇವೆ. ಅವಕ್ಕೆ ಹ್ಯಾಚರ್ ಎಂದು ಹೆಸರು. ಮರಿಗಳು ಹೊರಗೆ ಬಂದು ಮೈ ಒಣಗಿಸಿಕೊಳ್ಳುವಾಗ ಏಳುವ ತುಪ್ಪುಳು ಇಡೀ ಕಟ್ಟಡದ ಶತ್ರು. ಅದು ಫ್ಯಾನಿಗೆ ಅಂಟುತ್ತದೆ, ಕಣ್ಣಿಗೆ ಬೀಳುತ್ತದೆ, ಚಹಾದಲ್ಲಿ ತೇಲುತ್ತದೆ, ಕರೆಂಟಿನ ಸಾಕೆಟ್ಟಿನೊಳಗೆ ಹೊಕ್ಕು ಒಂದು ಸಲ ಬೆಂಕಿಯನ್ನೂ ಹೊತ್ತಿಸಿತ್ತಂತೆ. ಅಂದಿನಿಂದ ನಮ್ಮ ಅತ್ತೆಯದು ಒಂದೇ ಕಾನೂನು: ತೂತು ಕಂಡರೆ ಮುಚ್ಚಬೇಕು, ನೇತಾಡುವುದು ಕಂಡರೆ ಎತ್ತಿ ಸಿಕ್ಕಿಸಬೇಕು. ಅವರ ಏಪ್ರನ್ನಿನ ಜೇಬಿನಲ್ಲಿ ಸದಾ ಹತ್ತಿಯ ಉಂಡೆಗಳಿರುತ್ತವೆ. ಬಾಗಿಲ ಕೀಲಿಕಿಂಡಿಗೂ ಹತ್ತಿ, ಗೋಡೆಯ ಮೊಳೆ ಕಿತ್ತ ಜಾಗಕ್ಕೂ ಹತ್ತಿ. ನಾನು ಬಾಯಿ ತೆರೆದು ಮಲಗಿದರೆ ಅಲ್ಲಿಗೂ ಹತ್ತಿ ಎಂದು ನಮ್ಮವರು ಹೆದರಿಸುತ್ತಾರೆ.

ಅತ್ತೆಗೆ ಇನ್ನೊಂದು ಹುಚ್ಚು, ಅವರ ಕಂದು ಕೋಳಿಗಳು. ಮದುವೆಯಾಗಿ ಬಂದಾಗ ತವರಿನಿಂದ ತಂದ ಒಂದು ಹೇಟೆ, ಒಂದು ಹುಂಜದಿಂದ ಬೆಳೆದ ತಳಿ ಅದು. ಎಂದೂ ಮಾರಿದ್ದಿಲ್ಲ, ಹೊರಗಿನ ಕೋಳಿಯೊಂದಿಗೆ ಬೆರೆಸಿದ್ದಿಲ್ಲ. ಹಿಂದಿನ ತಿಂಗಳು ನಮ್ಮ ಸುತ್ತಮುತ್ತ ಕೋಳಿರೋಗ ಬಂತು. ಅಧಿಕಾರಿಗಳು ಬಂದು ಹಿತ್ತಲಿನ ಕೋಳಿಗಳನ್ನೆಲ್ಲ ಕೊಂದು ಸುಣ್ಣ ಹಾಕಿ ಹೂತರು. ಅತ್ತೆ ಆ ದಿನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅದೃಷ್ಟಕ್ಕೆ, ರೋಗ ಬರುವ ಮುಂಚೆಯೇ ಆ ಕೋಳಿಗಳ ಕೊನೆಯ ಮೊಟ್ಟೆಗಳು ಯಂತ್ರದೊಳಗೆ ಸೇರಿದ್ದವು. ಪರೀಕ್ಷೆ ಮಾಡಿ ಅವು ಇರಲಿ ಎಂದು ಬಿಟ್ಟುಹೋದರು. ತಳಿ ಎಂದು ಉಳಿದದ್ದು ಅಷ್ಟೇ, ಹ್ಯಾಚರ್ ಸಾಲಿನ ಕೊನೆಯ ಯಂತ್ರದಲ್ಲಿ ಎರಡು ಟ್ರೇ ಮೊಟ್ಟೆ.

ಅವನ್ನು ಯಂತ್ರದಲ್ಲಿಡಿಸಿದವಳು ನಾನು. ಅತ್ತೆ ತಮ್ಮ ಕಂದು ಕೋಳಿಯ ಮೊಟ್ಟೆಗಳನ್ನು ಯಾವಾಗಲೂ ಕೋಳಿಯ ಕೆಳಗೇ ಇಡುತ್ತಿದ್ದರು. ಈ ಸಲ, ಹೊಸ ವ್ಯವಸ್ಥೆ ಬಂದಿದೆ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ, ನನ್ನನ್ನು ನಂಬಿ ಎಂದು ಒಪ್ಪಿಸಿದ್ದೆ.

ಹೊಸ ವ್ಯವಸ್ಥೆ ಎಂದರೆ ಇಷ್ಟು. ಪ್ರತಿ ಯಂತ್ರದ ಹಣೆಯ ಮೇಲೂ ಒಂದು ಪುಟ್ಟ ಕಂಟ್ರೋಲರ್ ಇದೆ. ಒಳಗಿನ ಬಿಸಿ, ತೇವ ನೋಡಿಕೊಂಡು ಹೀಟರ್ ಮತ್ತು ಫ್ಯಾನನ್ನು ನಡೆಸುವುದು ಅದು. ಪ್ರತಿಯೊಂದರಿಂದಲೂ ಒಂದೊಂದು ತಂತಿ ಹೊರಟು ಕಂಪ್ಯೂಟರ್ ಕೋಣೆಯ ಗೋಡೆಯ ಮೇಲಿರುವ, ತಂತಿ ಸಿಕ್ಕಿಸುವ ಕಿಂಡಿಗಳ ಸಾಲಿರುವ ಒಂದು ಡಬ್ಬಿಗೆ ಬರುತ್ತದೆ, ಅದಕ್ಕೆ ಸ್ವಿಚ್ ಎಂದು ಹೆಸರು. ಅಲ್ಲಿಂದ ನನ್ನ ಮೇಜಿನ ಕಂಪ್ಯೂಟರಿಗೆ. ಮೊದಲು ಅತ್ತೆ ಗಂಟೆಗೊಮ್ಮೆ ಎಲ್ಲ ಯಂತ್ರಗಳ ಮುಂದೆ ನಡೆದು ಥರ್ಮಾಮೀಟರ್ ನೋಡಿ ಬರುತ್ತಿದ್ದರು. ಈಗ ನಾನು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡುತ್ತೇನೆ. ಅವರಿಗೆ ಹತ್ತಿಯ ಕೆಲಸ ಮಾತ್ರ ಉಳಿಯಿತು.

ಸ್ವಿಚ್ಚನ್ನು ಗೋಡೆಗೆ ಹಾಕಿದ ದಿನ ಅತ್ತೆ ಅದರ ಮಿನುಗುವ ದೀಪಗಳನ್ನು ನೋಡುತ್ತ ನಿಂತಿದ್ದರು.

"ಇದೇನು ಮಾಡುತ್ತೆ?" ಎಂದು ಕೇಳಿದರು.

"ಈ ಮನೇಲಿ ನೀವು ಮಾಡೋದನ್ನೇ ಮಾಡುತ್ತೆ ಅತ್ತೆ," ಎಂದೆ. "ಮನೆ ತುಂಬ ನೆಂಟರು ಬಂದಿದ್ದಾರೆ ಅನ್ಕೊಳ್ಳಿ. ಯಾರು ಯಾವ ಕೋಣೇಲಿದ್ದಾರೆ ಅಂತ ನಿಮಗೆ ಮೊದಲು ಗೊತ್ತಿರಲ್ಲ. ಹಜಾರದಲ್ಲಿ ನಿಂತು ಎಲ್ಲ ಕೋಣೆಗೂ ಕೇಳೋ ಹಾಗೆ ಒಂದು ಸಲ ಕೂಗ್ತೀರಿ. ಯಾವ ಕೋಣೆಯಿಂದ ಓಗೊಟ್ಟರೋ ಅದನ್ನ ನೆನಪಿಟ್ಕೋತೀರಿ. ಮುಂದಿನ ಸಲ ಅವರಿಗೆ ಮಾತು ಬಂದ್ರೆ ನೇರ ಆ ಬಾಗಿಲಿಗೇ ಹೋಗಿ ಹೇಳ್ತೀರಿ, ಬೇರೆಯವರ ನಿದ್ದೆ ಕೆಡಿಸಲ್ಲ. ಇದರ ಒಂದೊಂದು ಕಿಂಡೀನೂ ಒಂದೊಂದು ಕೋಣೆ ಇದ್ದ ಹಾಗೆ."

"ಹಂಗಾದ್ರೆ ಇದು ನಮ್ಮ ರೇಡಿಯೊ ಥರ ಅಲ್ಲ."

ರೇಡಿಯೊ ಎಂದರೆ ಟ್ರೇ ತೊಳೆಯುವ ಅಕ್ಕ. ಅವಳಿಗೆ ಒಂದು ಮಾತು ಹೇಳಿದರೆ ಸಂಜೆಯೊಳಗೆ ಎಲ್ಲರ ಮನೆಗೂ ತಲುಪಿರುತ್ತದೆ.

"ಆ ಥರದ್ದೂ ಮೊದಲು ಇತ್ತು. ಒಬ್ಬರು ಹೇಳಿದ್ದನ್ನ ಎಲ್ಲರಿಗೂ ಹೇಳೋದು. ಅದಕ್ಕೇ ಈಗ ಯಾರೂ ಅದನ್ನ ತಗೊಳ್ಳಲ್ಲ."

ಟ್ರೇ ತೊಳೆಯುತ್ತಿದ್ದ ರೇಡಿಯೊ ಅಕ್ಕನಿಗೆ ಅದು ಕೇಳಿಸಿ, ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದಳು.

ಆ ಸ್ವಿಚ್ಚನ್ನು ಆರಿಸಿದ್ದು ನಮ್ಮವರು. ಅಂಗಡಿಯಲ್ಲಿ ಎರಡು ಬಗೆಯವಿದ್ದವು. ತಂತಿ ಜೋಡಿಸುವುದರಲ್ಲಿ ತಪ್ಪಾದರೆ ತಾನೇ ಗುರುತಿಸಿ ಆ ಕಿಂಡಿಯನ್ನು ಮುಚ್ಚಿಕೊಳ್ಳುವುದು ಒಂದು, ಅಷ್ಟು ಬುದ್ಧಿಯಿಲ್ಲದ್ದು ಇನ್ನೊಂದು. "ಎರಡೂ ಮಿನುಗುತ್ತಲ್ಲ," ಎಂದು ಇವರು ಬುದ್ಧಿಯಿಲ್ಲದ್ದನ್ನು ಎತ್ತಿಕೊಂಡು ಬಂದರು. ಸಂಬಂಧ ನೋಡುವಾಗಲೂ ಹೀಗೇ ಮಾಡಿದಿರಾ ಎಂದು ಕೇಳಿ ಸುಮ್ಮನಾಗಿದ್ದೆ.

ಆ ದಿನ ಕಂದು ಮೊಟ್ಟೆಗಳು ಚಿಪ್ಪೊಡೆಯಬೇಕಿತ್ತು. ಇವರು ಬೇರೆ ಮರಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ದೂರದ ಫಾರ್ಮಿಗೆ ಹೋಗಿದ್ದರು. ನಾನು ಬೆಳಗಿನಿಂದ ಕಂಪ್ಯೂಟರಿನ ಮುಂದೆಯೇ ಇದ್ದೆ. ಮರಿ ಸಾಗಿಸುವ ರಟ್ಟಿನ ಪೆಟ್ಟಿಗೆಗಳು ಬಂದಿರಲಿಲ್ಲ. ಪೆಟ್ಟಿಗೆಯವನು ಫೋನಿನಲ್ಲಿ ಒಂದಲ್ಲ ಒಂದು ಸಬೂಬು ಹೇಳುತ್ತಿದ್ದ, ನಾನು ಅವನ ಮೇಲೆ ರೇಗುತ್ತಿದ್ದೆ. ಅತ್ತೆ ಒಳಗೆ ಬಂದು ನನ್ನ ಬೆನ್ನ ಹಿಂದೆ, ಸ್ವಿಚ್ಚಿನ ಹತ್ತಿರ ನಿಂತರು.

"ಇಲ್ಲೊಂದು ನೀಲಿ ತಂತಿ ನೇತಾಡ್ತಾ ಇದೆ ಕಣೇ. ಎತ್ತಿ ಸಿಕ್ಕಿಸ್ಲಾ?"

ನಾನು ತಿರುಗಲಿಲ್ಲ. "ಹೂಂ ಅತ್ತೆ, ಹೂಂ," ಎಂದು ಮತ್ತೆ ಪೆಟ್ಟಿಗೆಯವನನ್ನು ಬೈಯಲು ಶುರುಮಾಡಿದೆ. ಅವರು ಏನು ಕೇಳಿದರು ಎಂಬುದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಫೋನ್ ಇಟ್ಟಮೇಲೆ ಪರದೆ ನೋಡಿದೆ. ಎಲ್ಲ ಯಂತ್ರಗಳ ಬಿಸಿಯೂ ಎಷ್ಟಿರಬೇಕೋ ಅಷ್ಟೇ ಇತ್ತು. ನೆಮ್ಮದಿಯಾಯಿತು. ಸ್ವಲ್ಪ ಹೊತ್ತು ಆ ನೆಮ್ಮದಿಯಲ್ಲೇ ಕೂತಿದ್ದೆ. ನನ್ನಂಥವಳಿಗೆ ನೆಮ್ಮದಿ ಹೆಚ್ಚು ಹೊತ್ತು ಒಗ್ಗುವುದಿಲ್ಲ, ಒಳಗೆ ಏನೋ ಕೊರೆಯತೊಡಗಿತು. ಎಲ್ಲವೂ ಸರಿಯಾಗಿದೆ, ಆದರೆ ಏನೋ ಸರಿಯಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ಅಂಕಿಗಳು ಅಲುಗಾಡುತ್ತಿರಲಿಲ್ಲ. ಕಾವು ಎಂಬುದು ಒಂದೇ ಕಡೆ ನಿಲ್ಲುವುದಲ್ಲ. ಅಂಕಿಯ ಕೊನೆಯ ಮನೆ ಏರುತ್ತ ಇಳಿಯುತ್ತ ಇರಲೇಬೇಕು. ಇಲ್ಲಿ ಎಲ್ಲವೂ ಗೋಡೆಗೆ ಬರೆದಂತೆ ನಿಂತಿದ್ದವು.

ನಾನು ನೋಡುತ್ತಿದ್ದದ್ದು ಈಗಿನ ಬಿಸಿಯನ್ನಲ್ಲ, ಯಾವಾಗಿನದನ್ನೋ. ಯಾವಾಗಿನದು ಎಂಬುದು ಗೊತ್ತಿರಲಿಲ್ಲ.

ಓಡಿದೆ. ಬಾಗಿಲ ಬಳಿ ಔಷಧದ ನೀರಿನ ತಟ್ಟೆಯಲ್ಲಿ ಬೂಟು ಅದ್ದಿಕೊಂಡೇ ಒಳಗೆ ಹೋಗಬೇಕು. ಅದನ್ನು ದಾಟಿ ಹಾರಿದೆ, ಈ ಮನೆಗೆ ಬಂದ ಮೇಲೆ ಅದೇ ಮೊದಲ ಸಲ. ಹ್ಯಾಚರ್‌ಗಳ ಸಾಲು ಸದ್ದಿಲ್ಲದೆ ನಿಂತಿತ್ತು. ಫ್ಯಾನುಗಳ ಗುಂಯ್ ಎನ್ನುವ ದನಿ ದಿನವೂ ಕೇಳಿ ಕೇಳಿ ಕಿವಿಗೆ ಬೀಳುವುದೇ ಇಲ್ಲ. ಅದು ಇಲ್ಲ ಎಂದು ಆಗ ಗೊತ್ತಾಯಿತು. ಕೊನೆಯ ಯಂತ್ರದ ಕಂಟ್ರೋಲರ್ ನನ್ನ ಪರದೆಯ ಅಂಕಿಯನ್ನೇ ತೋರಿಸುತ್ತ ಸತ್ತಂತೆ ನಿಂತಿತ್ತು. ಗುಂಡಿ ಒತ್ತಿದರೆ ಮಿಸುಕಲಿಲ್ಲ. ಬಾಗಿಲ ಗಾಜಿಗೆ ಅಂಗೈ ಇಟ್ಟೆ. ಕಾದ ಹೆಂಚಿನ ಮೇಲಿಟ್ಟಂತೆ ಕೈ ಹಿಂದಕ್ಕೆಳೆದುಕೊಂಡೆ. ಫ್ಯಾನ್ ನಿಂತಿದೆ, ಹೀಟರ್ ಉರಿಯುತ್ತಲೇ ಇದೆ.

ಹೀಟರಿನ ಕರೆಂಟು ಕಿತ್ತು ಬಾಗಿಲ ಹಿಡಿಕೆಗೆ ಕೈ ಹಾಕಿದೆ. ಹಿಂದಿನಿಂದ ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಬಾಗಿಲು ತೆಗೀಬೇಡ. ಮರಿ ಚಿಪ್ಪು ಕುಟ್ಟೋ ಹೊತ್ತು. ತೇವ ಹೋದ್ರೆ ಒಳಪೊರೆ ಒಣಗಿ ಮೈಗೆ ಅಂಟ್ಕೊಳ್ಳುತ್ತೆ. ಅಲ್ಲೇ ಸಾಯ್ತವೆ."

"ತೆಗೀದಿದ್ರೆ ಬೆಂದು ಸಾಯ್ತವೆ ಅತ್ತೆ."

ಅವರು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಇಬ್ಬರೂ ಒಂದು ಕ್ಷಣ ಮುಖ ನೋಡಿಕೊಂಡೆವು. ಆಮೇಲೆ ಅವರೇ ಕೈ ಬಿಟ್ಟರು. ಬಾಗಿಲನ್ನು ಒಂದು ಗೇಣು ತೆರೆದೆ. ಒಳಗಿನ ಬಿಸಿ ಮುಖಕ್ಕೆ ರಾಚಿತು. ಅತ್ತೆ ರೇಡಿಯೊ ಅಕ್ಕನನ್ನು ಕೂಗಿ ಬೆಚ್ಚನೆಯ ನೀರು ತರಿಸಿದರು. ಬಟ್ಟೆ ಅದ್ದಿ ಹಿಂಡಿ ಬಾಗಿಲ ಸಂದಿಗೆ ಅಡ್ಡ ಹಿಡಿದು ನಿಂತರು, ಹೋಗುವ ಗಾಳಿ ಹೋಗಲಿ, ತೇವ ಉಳಿಯಲಿ ಎಂದು.

"ನಾನು ಹಿಡಿದಿರ್ತೀನಿ. ನೀನು ಯಂತ್ರ ನೋಡು."

ರೇಡಿಯೊ ಅಕ್ಕನಿಗೆ ಉಳಿದ ಯಂತ್ರಗಳ ಹೀಟರ್ ಕಿತ್ತು ಬಾಗಿಲು ಸಂದು ಮಾಡಲು ಹೇಳಿ, ಕಂಟ್ರೋಲರನ್ನು ಆರಿಸಿ ಮತ್ತೆ ಹಾಕಿದೆ. ಅದು ಎಚ್ಚೆತ್ತ ಕೂಡಲೇ ಮಾಡುವ ಮೊದಲ ಕೆಲಸ, ಎಷ್ಟು ಬಿಸಿ ಬೇಕು, ಎಷ್ಟು ತೇವ ಬೇಕು ಎಂದು ನನ್ನ ಮೇಜಿನ ಕಂಪ್ಯೂಟರನ್ನು ಕೇಳುವುದು. ಕೇಳಿತು. ಉತ್ತರ ಬರಲಿಲ್ಲ. ಮತ್ತೆ ಕೇಳಿತು. ಅಷ್ಟರಲ್ಲಿ ಮತ್ತೆ ಹೆಪ್ಪುಗಟ್ಟಿ ನಿಂತಿತು. ಪಕ್ಕದ್ದನ್ನು ಆರಿಸಿ ಹಾಕಿದರೆ ಅದೂ ಹಾಗೇ ಮಾಡಿತು. ಒಂದು ಕೆಟ್ಟಿದ್ದರೆ ಯಂತ್ರದ್ದು ತಪ್ಪು. ಎಲ್ಲ ಒಟ್ಟಿಗೇ ಕೆಟ್ಟರೆ ಅದು ಎಲ್ಲವೂ ಸೇರುವ ಜಾಗದ್ದು.

ಮತ್ತೆ ಕಂಪ್ಯೂಟರ್ ಕೋಣೆಗೆ ಓಡಿದೆ. ಬೆಳಗಿನಿಂದ ಬೆನ್ನು ಹಾಕಿಕೊಂಡಿದ್ದ ಸ್ವಿಚ್ಚನ್ನು ಅಂದು ಮೊದಲ ಸಲ ನೋಡಿದೆ. ಉಳಿದ ದಿನಗಳಲ್ಲಿ ಅದರ ದೀಪಗಳು ತಮ್ಮ ತಮ್ಮ ಪಾಡಿಗೆ ಮಿನುಗುತ್ತವೆ. ಈಗ ಎಲ್ಲವೂ ಒಂದೇ ತಾಳಕ್ಕೆ, ಹುಚ್ಚು ಹಿಡಿದಂತೆ ಹೊಡೆದುಕೊಳ್ಳುತ್ತಿದ್ದವು. ಇದನ್ನು ಹಳೆಯ ಕಚೇರಿಯಲ್ಲಿ ಒಮ್ಮೆ ನೋಡಿದ್ದೆ. ಎಲ್ಲರಿಗೂ ಎಂದು ಕೂಗಿದ ಒಂದು ಕೂಗು ಹೊರಗೆ ಹೋಗಿ ಬೇರೆ ದಾರಿಯಿಂದ ವಾಪಸು ಬರುತ್ತದೆ. ಸ್ವಿಚ್ಚಿಗೆ ಅದು ತನ್ನದೇ ಕೂಗು ಎಂದು ತಿಳಿಯುವುದಿಲ್ಲ, ಹೊಸದೆಂದುಕೊಂಡು ಮತ್ತೆ ಎಲ್ಲರಿಗೂ ಕೂಗುತ್ತದೆ. ಅದೂ ತಿರುಗಿ ಬರುತ್ತದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ತಂತಿಗಳ ತುಂಬ ಅದೇ ಕೂಗು. ಪಾಪದ ಕಂಟ್ರೋಲರ್‌ಗಳು ಅಷ್ಟನ್ನೂ ಕೇಳಿಸಿಕೊಳ್ಳಲು ಹೋಗಿ ತಮ್ಮ ಕೆಲಸ ಮರೆತು ನಿಲ್ಲುತ್ತವೆ.

ಎಲ್ಲೋ ಒಂದು ತಂತಿ ಸುತ್ತಿಕೊಂಡು ವಾಪಸು ಬಂದಿದೆ. ಯಾವುದು ಎಂದು ಹುಡುಕಬೇಕು. ತಂತಿಗಳಿಗೆ ನಾನೇ ಅಂಟಿಸಿದ್ದ ಚೀಟಿಗಳ ಮೇಲಿನ ಬರಹ ಔಷಧದ ನೀರಿನಲ್ಲಿ ಒರೆಸಿ ಒರೆಸಿ ಅಳಿಸಿಹೋಗಿತ್ತು. ಒಂದನ್ನು ಕಿತ್ತೆ, ದೀಪಗಳು ಹಾಗೇ ಇದ್ದವು. ಮತ್ತೆ ಹಾಕಿ ಇನ್ನೊಂದನ್ನು ಕಿತ್ತೆ, ಹಾಗೇ. ಒಂದು ತಂತಿಯ ಕೊಕ್ಕೆ ಬಿಡಿಸಲಾಗದೆ ಉಗುರು ಮುರಿಯಿತು. ಮನಸ್ಸಿನಲ್ಲಿ ಆ ಎರಡು ಟ್ರೇಗಳು, ಅತ್ತೆ ಹಿಡಿದು ನಿಂತ ಒದ್ದೆ ಬಟ್ಟೆ. ಮತ್ತೊಂದು ಕಿತ್ತೆ. ಮತ್ತೊಂದು.

ಕೊನೆಯಲ್ಲಿ ಮೂಲೆಯ ನೀಲಿ ತಂತಿ ಕೈಗೆ ಬಂತು. ಎಳೆದೆ. ದೀಪಗಳು ಒಂದು ಸಲ ಕಂತಿ, ಮತ್ತೆ ಒಂದೊಂದಾಗಿ, ಎಂದಿನ ಹಾಗೆ ಮಿನುಗತೊಡಗಿದವು.

ಕೈಯಲ್ಲಿದ್ದ ತುದಿಯಿಂದ ಬೆರಳು ಜಾರಿಸುತ್ತ ತಂತಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಬಹಳ ದೂರ ಹೋಗಬೇಕಾಗಲಿಲ್ಲ. ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಲ್ಯಾಪ್‌ಟಾಪ್ ತಂದು ಪರೀಕ್ಷಿಸಲು ಎಂದು ನಾನೇ ಒಂದು ತುದಿ ಮಾತ್ರ ಸಿಕ್ಕಿಸಿ ಬಿಟ್ಟಿದ್ದ ತಂತಿ ಅದು. ಖಾಲಿ ಇದ್ದ ಉಳಿದ ಕಿಂಡಿಗಳನ್ನು ನೋಡಿದೆ. ಪ್ರತಿಯೊಂದರಲ್ಲೂ ಒಂದೊಂದು ಹತ್ತಿಯ ಉಂಡೆ, ಅಚ್ಚುಕಟ್ಟಾಗಿ ಒತ್ತಿತ್ತು. ನೀಲಿ ತಂತಿ ಕಿತ್ತ ಕಿಂಡಿಯಲ್ಲಿ ಮಾತ್ರ ಹತ್ತಿ ಇರಲಿಲ್ಲ. ಅದನ್ನು ಮುಚ್ಚಲು ತಂತಿಯೇ ಇತ್ತಲ್ಲ. ನೇತಾಡುವುದೂ ತಪ್ಪಿತು, ತೂತೂ ಮುಚ್ಚಿತು.

ಎತ್ತಿ ಸಿಕ್ಕಿಸ್ಲಾ ಎಂಬ ಮಾತು ಈಗ ತಲೆಗೆ ಬಂತು. ಹಿಂದೆಯೇ ನನ್ನ ಹೂಂ ಕೂಡ ಬಂತು. ತಂತಿಯನ್ನು ಸುತ್ತಿ ಏಪ್ರನ್ನಿನ ಜೇಬಿಗೆ ತುರುಕಿಕೊಂಡೆ.

ಒಂದು ತಂತಿ ತಪ್ಪಾಗಿ ಸಿಕ್ಕಿಕೊಂಡಿತ್ತು ಎಂದಷ್ಟೇ ಹೇಳಿ, ಹೀಟರುಗಳ ಕರೆಂಟು ಮತ್ತೆ ಸಿಕ್ಕಿಸಿ, ಕಂಟ್ರೋಲರ್‌ಗಳನ್ನು ಒಂದೊಂದಾಗಿ ಎಬ್ಬಿಸಿದೆ. ಕೇಳಿದವು, ಉತ್ತರ ಬಂತು, ಫ್ಯಾನುಗಳು ಗುಂಯ್ ಎಂದವು. ಆ ಸದ್ದಿಗೆ ನನಗೆ ಅಳು ಬಂತು. ಅತ್ತೆ ಬಾಗಿಲು ಮುಚ್ಚಿ, ಒದ್ದೆ ಬಟ್ಟೆ ಕೆಳಗಿಟ್ಟು, ಮಗುಚಿದ ಟ್ರೇ ಮೇಲೆ ಗಾಜಿನ ಎದುರು ಕೂತರು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಒಳಗಿನ ಮಂದ ಬೆಳಕಿನಲ್ಲಿ ಕಂದು ಮೊಟ್ಟೆಗಳು ಮಿಸುಕದೆ ಬಿದ್ದಿದ್ದವು. ಬೇರೆ ಯಂತ್ರಗಳ ಮೊಟ್ಟೆಗಳಿಗೆ ಇನ್ನೂ ಒಂದು ದಿನವಾದರೂ ಸಮಯವಿತ್ತು, ಅವು ತಡೆದುಕೊಂಡಾವು ಎಂದು ಅತ್ತೆ ಹೇಳಿದರು. ಇವುಗಳ ಬಗ್ಗೆ ಏನೂ ಹೇಳಲಿಲ್ಲ.

ಸಂಜೆಯಾದರೂ ಒಂದೂ ಬಿರಿಯಲಿಲ್ಲ. ವ್ಯಾನ್ ಬಂದು ನಿಂತ ಸದ್ದಾಯಿತು. ರೇಡಿಯೊ ಅಕ್ಕ ಗೇಟಿನ ಬಳಿಯೇ ಇವರಿಗೆ ಸುದ್ದಿ ಮುಟ್ಟಿಸಿರಬೇಕು, ಇವರು ಬೂಟು ಅದ್ದುತ್ತಲೇ ಕೇಳಿದರು.

"ತಂತಿ ತಪ್ಪಾಗಿ ಸಿಕ್ಕಿಸಿದ್ದಂತೆ. ಯಾರು ಮಾಡಿದ್ದು?"

"ಯಾರೋ," ಎಂದೆ. "ನಾನೇ ಇರಬೇಕು. ಅಥವಾ ಇಲಿ ಎಳೆದಾಡಿರಬೇಕು."

"ಇಲಿ ತಂತಿ ಸಿಕ್ಕಿಸುತ್ತಾ?"

ಅತ್ತೆ ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ನೀಲಿ ತಂತಿಯಾ?" ಎಂದರು.

ನನ್ನ ಜೇಬಿನಿಂದ ಅದರ ತುದಿ ಇಣುಕುತ್ತಿತ್ತು. ಅತ್ತೆ ತಿರುಗಿ ಅದನ್ನು ನೋಡಿದರು.

"ನಾನೇ ಸಿಕ್ಕಿಸಿದ್ದು. ಇವಳನ್ನ ಕೇಳಿದ್ದೆ. ಹೂಂ ಅಂದಳು."

ಆ ಮಾತಿನಲ್ಲಿ ದೂರಿರಲಿಲ್ಲ. ದೂರಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ಹೌದು," ಎಂದೆ. "ತಿರುಗಿ ನೋಡದೆ ಹೂಂ ಅಂದೆ."

ಇವರು ಇಬ್ಬರ ಮುಖವನ್ನೂ ನೋಡಿ, ವ್ಯಾನ್ ತೊಳೆಯಲು ಹೋದರು. ಒಳ್ಳೆಯ ಬುದ್ಧಿ ಅವರಿಗೂ ಆಗೀಗ ಬರುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಕೇಳಿದರು. "ಒಂದು ತಂತಿ ಸಿಕ್ಕಿಸಿದ್ದಕ್ಕೆ ಇಷ್ಟೆಲ್ಲ ಹೇಗಾಯ್ತು, ಸರಿಯಾಗಿ ಹೇಳು."

ಹೇಳಿದೆ. "ನೀವು ಹಜಾರದಲ್ಲಿ ನಿಂತು ಕೂಗಿದ್ದು ಹಿತ್ತಲ ಬಾಗಿಲಿಂದ ವಾಪಸ್ ಬಂದು ನಿಮ್ಮ ಕಿವಿಗೇ ಬಿತ್ತು ಅನ್ಕೊಳ್ಳಿ. ಯಾರೋ ಕರೀತಿದ್ದಾರೆ ಅಂತ ಮತ್ತೆ ಕೂಗ್ತೀರಿ. ಅದೂ ವಾಪಸ್ ಬರುತ್ತೆ. ಮನೆಯವರೆಲ್ಲ ಕಿವಿ ಮುಚ್ಕೊಂಡು ಕೂತ್ಕೋತಾರೆ, ಕೆಲಸ ನಿಲ್ಲುತ್ತೆ."

ಅತ್ತೆ ತಲೆಯಾಡಿಸಿದರು. "ಯಾರು ಯಾವ ಕೋಣೆ ಅಂತ ನೆನಪಿಟ್ಕೊಳ್ಳುತ್ತೆ ಅಂದಿದ್ದೆಯಲ್ಲ. ಆ ಕೋಣೆಯವರು ಮಾತೇ ಆಡದಿದ್ರೆ?"

"ಸ್ವಲ್ಪ ಹೊತ್ತು ಕಾದು ಮರೆತುಬಿಡುತ್ತೆ."

"ಹಾಂ," ಎಂದರು ಅತ್ತೆ. ಅಷ್ಟೇ. ಕಂಪ್ಯೂಟರ್ ಬಂದಮೇಲೆ ಈ ಕಟ್ಟಡದಲ್ಲಿ ಅವರನ್ನು ಒಂದು ಮಾತು ಕೇಳಿದ್ದು ನನಗೆ ನೆನಪಾಗಲಿಲ್ಲ.

ಕತ್ತಲಾಗುವ ಮುಂಚೆ ಅವರು ಎದ್ದರು. ಬಾಗಿಲನ್ನು ಕೈ ತೂರುವಷ್ಟೇ ತೆಗೆದು ಒಂದು ಮೊಟ್ಟೆ ತಂದು ಕಿವಿಗೆ ಹಿಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಅದನ್ನು ಒಳಗಿಟ್ಟು ಇನ್ನೊಂದು ತೆಗೆದರು. ಅದನ್ನೂ ಇಟ್ಟರು. ಮೂರನೆಯದನ್ನು ಬಹಳ ಹೊತ್ತು ಕಿವಿಗೆ ಹಿಡಿದಿದ್ದು, ಆಮೇಲೆ ನನ್ನ ಕಿವಿಗೆ ಹಿಡಿದರು. ನನಗೆ ಕೇಳಿಸಿದ್ದು ನನ್ನದೇ ಎದೆಬಡಿತ. ಉಸಿರು ಬಿಗಿಹಿಡಿದೆ. ಆಗ, ಗೋಡೆಯಾಚೆ ಯಾರೋ ಉಗುರಿನಿಂದ ಕೆರೆದಂತೆ, ಟಿಕ್ ಎಂದಿತು. ನಿಂತಿತು. ಮತ್ತೆ ಟಿಕ್ ಎಂದಿತು.

ಮಾರನೆಯ ಬೆಳಗ್ಗೆ ಹೆಚ್ಚಿನವು ಚಿಪ್ಪಿನೊಳಗೇ ಸತ್ತಿದ್ದವು. ಹೊರಗೆ ಬಂದವು ಒಂದು ಬುಟ್ಟಿಯ ತಳ ಮುಚ್ಚುವಷ್ಟು. ತಳಿ ಉಳಿಯಬೇಕಾದರೆ ಹೇಟೆಯೂ ಬೇಕು, ಹುಂಜವೂ ಬೇಕು. ರೆಕ್ಕೆಯ ಎಳೆ ಗರಿ ಬಿಡಿಸಿ ಹೆಣ್ಣು ಗಂಡು ಹೇಳುವುದರಲ್ಲಿ ರೇಡಿಯೊ ಅಕ್ಕ ಎತ್ತಿದ ಕೈ. ಅವಳು ಒಂದೊಂದೇ ಮರಿಯನ್ನು ಎತ್ತಿ ನೋಡಿ "ಹೆಣ್ಣು" ಎಂದು ಎಡಕ್ಕೆ ಬಿಡುತ್ತಿದ್ದಳು. ಹೆಣ್ಣು, ಹೆಣ್ಣು, ಮತ್ತೂ ಹೆಣ್ಣು. ಅತ್ತೆಯ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. ಬುಟ್ಟಿ ಖಾಲಿಯಾಗುತ್ತ ಬಂತು. ಕೊನೆಗೆ ಉಳಿದದ್ದು ಮೂಲೆಯಲ್ಲಿ ಮುದುಡಿದ್ದ, ಇನ್ನೂ ಮೈ ಒಣಗದ ಒಂದು. ಬಾಯಿಗೆ ಬೀಗವಿಲ್ಲದ ರೇಡಿಯೊ ಅಕ್ಕ ಅದರ ರೆಕ್ಕೆಯನ್ನು ಎರಡೆರಡು ಸಲ ಬಿಡಿಸಿ ನೋಡಿದಳು. ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

"ಹುಂಜ," ಎಂದಳು.

ಅತ್ತೆ ಅದನ್ನು ಅಂಗೈಯಲ್ಲಿ ತೆಗೆದುಕೊಂಡು ಕಂಪ್ಯೂಟರ್ ಕೋಣೆಗೆ ನಡೆದರು. ನಾನು ಹಿಂದೆ ಹೋಗಿ ಕುರ್ಚಿಯಲ್ಲಿ ಕೂತೆ. ಇಡೀ ತಳಿ ಈಗ ಆ ಒದ್ದೆ ಮರಿಯ ಮೇಲೆ ನಿಂತಿದೆ, ಇದಕ್ಕೆ ಶೀತವಾದರೆ, ಬೆಕ್ಕು ಬಂದರೆ, ನೀರಿನ ತಟ್ಟೆಗೆ ಬಿದ್ದರೆ ಎಂದು ನನ್ನ ತಲೆಯಲ್ಲಿ ಹೆದರಿಕೆಗಳು ಆಗಲೇ ಸಾಲುಗಟ್ಟಿದ್ದವು. ಪೆಟ್ಟಿಗೆಯವನ ಫೋನ್ ಬಂತು. ಹೊಸ ಸಬೂಬು ಹೇಳತೊಡಗಿದ. ಬೆನ್ನ ಹಿಂದೆ ಸ್ವಿಚ್ಚಿನ ಹತ್ತಿರದಿಂದ ಅತ್ತೆ ಏನೋ ಕೇಳಿದರು.

ಅವನು ಮಾತಾಡುತ್ತಿದ್ದಂತೆಯೇ ಫೋನ್ ಮೇಜಿನ ಮೇಲಿಟ್ಟು ಕುರ್ಚಿ ತಿರುಗಿಸಿದೆ.

"ಏನಂದ್ರಿ ಅತ್ತೆ? ಇನ್ನೊಂದು ಸಲ ಹೇಳಿ."